ಈಜಿಗೊಂದು ಕಡಲು, ಸರ್ಫಿಂಗ್‌ಗೊಂದು, ಡೈವಿಂಗ್‌ಗೆ ಮತ್ತೊಂದು

ತಮ್ಮಾ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ಓದಿದೆ. ದೀಪಾವಳಿ ರಜೆಗೆ ಐದು ಜನ ಗೆಳೆಯರು ದಾವಣಗೆರೆಯಿಂದ ಕಾರಲ್ಲಿ ಹೊರಡುತ್ತೀರಿ, ಅದರಲ್ಲಿ ಇಬ್ಬರಿಗೆ ಈಜು ಬರಲ್ಲ, ಕೈಯಲ್ಲಿ ಮೂರು ದಿನ ಇದೆ, ಈಜು, ಸರ್ಫಿಂಗ್ (ಬೋರ್ಡ್ ಮೇಲೆ ನಿಂತು ಅಲೆ ಸವಾರಿ), ಸ್ಕೂಬಾ ಡೈವಿಂಗ್ (ಗಾಳಿ ಸಿಲಿಂಡರ್ ಹೊತ್ತು ನೀರೊಳಗೆ ಇಳಿಯೋದು) ಮೂರೂ ಒಂದೇ ಕಡೆ ಆಗಬೇಕು, ಗೋಕರ್ಣವೋ ಮುರುಡೇಶ್ವರವೋ ಮಲ್ಪೆಯೋ ಅಂತ ಕೇಳಿದ್ದೀರಿ. ಉತ್ತರ ಕೊಟ್ಟವರೆಲ್ಲ ತಮಗಿಷ್ಟವಾದ ಊರಿನ ಹೆಸರು ಹೇಳಿದ್ದಾರೆ. ಊರಿಗಿಂತ ಮೊದಲು ನಾನು ಹೇಳಬೇಕಾದದ್ದು ಬೇರೆ ಇದೆ: ಮೂರಕ್ಕೂ ಒಂದೇ ಬೀಚ್ ಹುಡುಕಬೇಡಿ. ಮೂರಕ್ಕೂ ಬೇಕಾದ ನೀರೇ ಬೇರೆ ಬೇರೆ.

ಹೇಗೆ ಅಂದರೆ, ನಮ್ಮ ಕರಾವಳಿಗೆ ಘಟ್ಟದಿಂದ ಇಳಿಯುವ ನದಿಗಳು ಮರಳು, ಮಣ್ಣು ಹೊತ್ತು ತರುತ್ತವೆ. ನದಿ ಸಮುದ್ರ ಸೇರುವ ಜಾಗಕ್ಕೆ ಅಲ್ಲಿಯವರು ಅಳಿವೆ ಅಂತಾರೆ. ಅಳಿವೆಯ ಸುತ್ತ ಮರಳಿನ ದಿಬ್ಬ ಬೆಳೆದು, ಅದಕ್ಕೆ ತಾಗಿದ ಅಲೆ ಎದ್ದು ಚೆನ್ನಾಗಿ ಒಡೆಯುತ್ತೆ. ಸರ್ಫಿಂಗ್‌ನವರಿಗೆ ಬೇಕಾಗಿರೋದು ಅದೇ. ಆದರೆ ಅಲ್ಲೇ ನದಿ ನೀರೂ ಭರತ ಇಳಿತದ ನೀರೂ ಸೇರಿ ಸೆಳೆಯುತ್ತೆ, ಬರೀ ಈಜೋಕೆ ಹೋದವರಿಗೆ ಅದೇ ಕಂಟಕ. ಇನ್ನು ಡೈವಿಂಗ್‌ಗೆ ಆ ಮಣ್ಣು ತಲುಪದಷ್ಟು ದೂರದ, ತಳದಲ್ಲಿ ಬಂಡೆ ಹವಳ ಇರೋ ತಿಳಿನೀರು ಬೇಕು. ದಡದಲ್ಲಿ ನಿಂತು ನೋಡಿದರೆ ಅದು ಕಾಣಲ್ಲ.

ಈಜಿನ ವಿಷಯವನ್ನೇ ಹೆಚ್ಚು ಬರೆಯುತ್ತೇನೆ, ಯಾಕಂದ್ರೆ ನಮ್ಮ ಕಡೆಯವರು ಮೋಸ ಹೋಗೋದು ಇಲ್ಲೇ. ನಾನು ಹರಿಹರದವನು. ಚಿಕ್ಕಂದಿನಿಂದ ತುಂಗಭದ್ರೆಯಲ್ಲಿ, ಭದ್ರಾ ನಾಲೆಯಲ್ಲಿ, ಹೊಲದ ಬಾವಿಗಳಲ್ಲಿ ಬಿದ್ದು ಈಜು ಕಲಿತವನು. ಆ ಧೈರ್ಯದಲ್ಲೇ ಒಮ್ಮೆ ಉತ್ತರ ಕನ್ನಡದ ಒಂದು ಅಳಿವೆ ಹತ್ತಿರ, ಅಲೆಯೇ ಇಲ್ಲದ ನುಣ್ಣನೆ ಜಾಗ ನೋಡಿ, ಇಲ್ಲೇ ಶಾಂತವಾಗಿದೆ ಅಂತ ಇಳಿದೆ. ಎರಡು ನಿಮಿಷದಲ್ಲಿ ದಡ ಸಣ್ಣದಾಯಿತು. ದಡದ ಕಡೆ ಮುಖ ಮಾಡಿ ಎಷ್ಟು ಕೈ ಬೀಸಿದರೂ ಅಲ್ಲೇ ಇದ್ದೆ. ಬಲೆ ಬಿಡಿಸುತ್ತಿದ್ದ ಮೀನುಗಾರರೊಬ್ಬರು ಕೂಗಿ, ಕೈಯಿಂದ ಪಕ್ಕಕ್ಕೆ, ಪಕ್ಕಕ್ಕೆ ಅಂತ ತೋರಿಸಿದರು. ದಡಕ್ಕೆ ಸಮಾನಾಂತರವಾಗಿ ಸ್ವಲ್ಪ ದೂರ ಈಜಿದ ಮೇಲೆ ಸೆಳೆತ ಬಿಟ್ಟಿತು, ಅಲ್ಲಿ ಒಡೆಯುತ್ತಿದ್ದ ಅಲೆಗಳೇ ನನ್ನನ್ನು ದಡಕ್ಕೆ ತಳ್ಳಿದವು. ಆ ಪುಣ್ಯಾತ್ಮರನ್ನು ಇವತ್ತಿಗೂ ನೆನೆಯುತ್ತೇನೆ.

ಇದನ್ನೇ ರಿಪ್ ಕರೆಂಟ್ ಅನ್ನೋದು. ಅಲೆಗಳು ದಡಕ್ಕೆ ತಂದು ಹಾಕಿದ ನೀರು ವಾಪಸ್ ಹೋಗೋಕೆ ಮರಳು ದಿಬ್ಬಗಳ ನಡುವೆ ಓಣಿ ಮಾಡಿಕೊಂಡಿರುತ್ತೆ. ಆ ಓಣಿ ಆಳ, ಅದಕ್ಕೇ ಅಲ್ಲಿ ಅಲೆ ಒಡೆಯಲ್ಲ, ನೀರು ಸ್ವಲ್ಪ ಕಪ್ಪಗೆ ಕಾಣುತ್ತೆ, ನೊರೆ ಕಡಲ ಕಡೆಗೆ ಸಾಗುತ್ತಿರುತ್ತೆ. ಶಾಂತವಾಗಿ ಕಂಡ ಜಾಗವೇ ಅಪಾಯದ್ದು. ನೀರಿಗಿಳಿಯುವ ಮೊದಲು ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ. ಸಿಕ್ಕಿಬಿದ್ದರೆ ತೇಲಿ, ಕೈ ಎತ್ತಿ, ಪಕ್ಕಕ್ಕೆ ಈಜಿ. ಉಪ್ಪುನೀರಲ್ಲಿ ಮೈ ಬಾವಿ ನೀರಿಗಿಂತ ಸುಲಭವಾಗಿ ತೇಲುತ್ತೆ, ಸೆಳೆತ ನಿಮ್ಮನ್ನು ಆಚೆ ಒಯ್ಯುತ್ತೆ ಅಷ್ಟೇ, ಕೆಳಗೆ ಎಳೆಯಲ್ಲ. ಗಾಬರಿಯಾಗಿ ದಡದ ಕಡೆಗೇ ಈಜಿ ಸುಸ್ತಾದವರು ಮುಳುಗುತ್ತಾರೆ.

ಅದಕ್ಕೆ ಈಜೋಕೆ ಕಾಸರಕೋಡು ಹೇಳುತ್ತೇನೆ, ಹೊನ್ನಾವರದ ಪಕ್ಕದ್ದು. ಅದಕ್ಕೂ ಉಡುಪಿ ಜಿಲ್ಲೆಯ ಪಡುಬಿದ್ರಿಗೂ 2020ರಲ್ಲಿ, ಸ್ವಚ್ಛ, ಸುರಕ್ಷಿತ ಬೀಚ್‌ಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಆ ಮಾನ್ಯತೆ ಬೇಕಂದ್ರೆ ನೀರಿನ ಪರೀಕ್ಷೆ ಆಗಬೇಕು, ಜೀವರಕ್ಷಕರು ಇರಬೇಕು. ಕಾಸರಕೋಡಿನ ಹತ್ತಿರವೇ ಶರಾವತಿ ಅಳಿವೆ ಇದೆ, ಆದ್ದರಿಂದ ಗುರುತು ಹಾಕಿದ ಜಾಗ ಬಿಟ್ಟು ದಡದುದ್ದಕ್ಕೆ ನಡೆದುಹೋಗಿ ಇಳಿಯಬೇಡಿ. ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ಇಳಿಯಿರಿ. ಬರೀ ಕೆಂಪು ಬಾವುಟ ಇದ್ದರೆ ಪಾದ ತೊಯ್ಯಿಸಿಕೊಂಡು ವಾಪಸ್ ಬನ್ನಿ. ಮುರುಡೇಶ್ವರದ ದಡ ಈಜಿಗೆ ಬೇಡ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ಅಲ್ಲೇ ಪ್ರಾಣ ಬಿಟ್ಟರು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಗೋಕರ್ಣದ ಓಂ ಬೀಚ್ ನೋಡೋಕೆ ಬಲು ಚಂದ, ಬಂಡೆ ಜಾಸ್ತಿ, ಅಲೆ ಎತ್ತಿ ಬಂಡೆಗೇ ಬಡಿಯುತ್ತೆ. ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪವೂ ಹಾಗೇ, ಲಾವಾ ಕಂಬಗಳನ್ನು ನೋಡೋಕೆ ಹೋಗಿ, ಈಜೋಕಲ್ಲ. ಮರವಂತೆಯಲ್ಲಿ ಫೋಟೋ ತೆಗೆದುಕೊಂಡು ಮುಂದೆ ಹೋಗಿ.

ಡೈವಿಂಗ್‌ಗೆ ನೇತ್ರಾಣಿ ದ್ವೀಪ. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ಸಮುದ್ರದೊಳಗೆ, ದೋಣಿಯಲ್ಲಿ ಒಂದು, ಒಂದೂವರೆ ಗಂಟೆ. ಮಳೆಗಾಲ ಮುಗಿದ ಮೇಲೆ ಶುರುವಾಗಿ ಮೇವರೆಗೆ ನಡೆಯುತ್ತೆ. ನಿಮ್ಮಲ್ಲಿ ಈಜು ಬಾರದ ಇಬ್ಬರೂ ಇಳಿಯಬಹುದು. ಮೊದಲ ಸಲದವರನ್ನು ತರಬೇತುದಾರರು ಹಿಡಿದುಕೊಂಡೇ ಇರುತ್ತಾರೆ, 12 ಮೀಟರ್‌ಗಿಂತ ಕೆಳಗೆ ಒಯ್ಯಲ್ಲ. ಘಾಟಿ ಇಳಿಯುವಾಗ ಕಿವಿ ಕಟ್ಟುತ್ತಲ್ಲ, ಅದೇ ಇಲ್ಲಿ ಹತ್ತುಪಟ್ಟು. 10 ಮೀಟರ್ ಆಳಕ್ಕೆ ಒತ್ತಡ ದಡದ ಎರಡರಷ್ಟಾಗುತ್ತೆ. ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸಿಕೊಳ್ಳಬೇಕು, ನೆಗಡಿ ಇದ್ದರೆ ಅದು ಆಗಲ್ಲ, ಆ ದಿನ ಇಳಿಯಬೇಡಿ. ಉಸಿರು ಮಾತ್ರ ಎಂದೂ ಕಟ್ಟಬಾರದು, ಅದರಲ್ಲೂ ಮೇಲೆ ಬರುವಾಗ. ಆಸ್ತಮಾ, ಫಿಟ್ಸ್, ಹೃದಯದ ತೊಂದರೆ ಇದ್ದವರು ಡೈವಿಂಗ್‌ನವರು ಕೊಡೋ ಆರೋಗ್ಯದ ಫಾರಂನಲ್ಲಿ ಮುಚ್ಚಿಡದೆ ಬರೆದು, ಮೊದಲೇ ಡಾಕ್ಟರನ್ನು ಕೇಳಿ. ಬೆಳಿಗ್ಗೆ ಎರಡು ಇಡ್ಲಿ ಸಾಕು, ಎಣ್ಣೆ ಬೆಣ್ಣೆಯದ್ದು ತಿಂದರೆ ದೋಣಿಯಲ್ಲೇ ವಾಂತಿ.

ಈಗ ಹೇಳೋದನ್ನು ಕರಾವಳಿಯವರು ಹೇಳಲ್ಲ, ಅವರಿಗೆ ಅದು ಬೇಕಾಗೂ ಇಲ್ಲ. ನಮಗೆ ಬೇಕು. ಡೈವ್ ಮಾಡಿದಾಗ ಒತ್ತಡಕ್ಕೆ ಸಾರಜನಕ ಮೈಯಲ್ಲಿ ಕರಗಿರುತ್ತೆ. ಆಮೇಲೆ ಬೇಗ ಎತ್ತರಕ್ಕೆ ಹೋದರೆ ಗೋಲಿ ಸೋಡಾ ತೆಗೆದ ಹಾಗೆ ಗುಳ್ಳೆ ಏಳಬಹುದು, ಕೀಲು ನೋವು, ಕೈಕಾಲು ಜೋಮು, ಇನ್ನೂ ಕೆಟ್ಟದ್ದೂ ಆಗಬಹುದು. ಅದಕ್ಕೇ ಒಂದು ಡೈವ್ ಆದ ಮೇಲೆ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ 18 ಗಂಟೆ ವಿಮಾನ ಹತ್ತಬಾರದು ಅಂತ ಇರೋದು. ಆ ಎಚ್ಚರಿಕೆ ಸುಮಾರು 600 ಮೀಟರ್ ಎತ್ತರದಿಂದಲೇ ಲೆಕ್ಕಕ್ಕೆ ಬರುತ್ತೆ. ದಾವಣಗೆರೆಯೇ ಸಮುದ್ರಮಟ್ಟದಿಂದ ಸುಮಾರು 600 ಮೀಟರ್, ಚಿತ್ರದುರ್ಗ 700 ದಾಟುತ್ತೆ. ಮಧ್ಯಾಹ್ನ ದೋಣಿ ಇಳಿದು ಸಂಜೆಗೆ ಗೇರುಸೊಪ್ಪ ಘಾಟಿ ಹತ್ತಿ ರಾತ್ರಿ ಮನೆ ಸೇರೋ ಪ್ಲಾನ್ ದಯವಿಟ್ಟು ಮಾಡಬೇಡಿ. ಡೈವ್ ಮೊದಲು, ಆಮೇಲೆ ಕೆಳಗೇ ಒಂದು ರಾತ್ರಿ.

ಸರ್ಫಿಂಗ್ ಈ ಸಲ ಬಿಡಿ. ಅದಕ್ಕೆ ಮೂಲ್ಕಿ, ಸಸಿಹಿತ್ಲು ಕಡೆ ಹೋಗಬೇಕು, ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ಘಾಟಿ ಇಳಿದು ಉಡುಪಿ ದಾಟಿ. ಸಸಿಹಿತ್ಲಿನಲ್ಲಿ ಶಾಂಭವಿ, ನಂದಿನಿ ನದಿಗಳು ಸಮುದ್ರ ಸೇರುತ್ತವೆ, 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆದದ್ದು ಅಲ್ಲೇ. ನವೆಂಬರ್‌ನಿಂದ ಫೆಬ್ರವರಿವರೆಗೆ ಅಲೆ ಸಣ್ಣದು, ಕಲಿಯುವವರಿಗೆ ಅದೇ ಹಿತ. ಬೆಳಗಿನ ಹೊತ್ತು ಗಾಳಿ ನೆಲದಿಂದ ಕಡಲಿಗೆ ಬೀಸಿ ಅಲೆ ಒಪ್ಪವಾಗಿರುತ್ತೆ, ಮಧ್ಯಾಹ್ನದ ಮೇಲೆ ಕಡಲಗಾಳಿ ಎದ್ದು ಕಲಕುತ್ತೆ. ಹಾಗಾಗಿ ಹಿಂದಿನ ರಾತ್ರಿಯೇ ಅಲ್ಲಿ ಉಳಿಯಬೇಕು. ಮೆತ್ತನೆಯ ಫೋಮ್ ಬೋರ್ಡ್ ಕೊಡೋ ಕಡೆ ಕಲಿಯಿರಿ, ಕಾಲಿಗೆ ಕಟ್ಟುವ ಹಗ್ಗ ಬಿಚ್ಚಬೇಡಿ. ಈಜು ಬಾರದ ಇಬ್ಬರು ಮೊದಲು ದಾವಣಗೆರೆಯ ಈಜುಕೊಳದಲ್ಲಿ ಕಲಿತುಕೊಂಡು ಆಮೇಲೆ ಬೋರ್ಡ್ ಮುಟ್ಟಲಿ.

ನಿಮ್ಮ ಮೂರು ದಿನ ಹೀಗಿರಲಿ. ಮೊದಲ ದಿನ ಬೆಳಿಗ್ಗೆ ಹೊರಟು ಶಿವಮೊಗ್ಗ, ಸಾಗರ, ಹೊನ್ನಾವರದ ಮೇಲೆ ಸಂಜೆಗೆ ಮುರುಡೇಶ್ವರ, ಬೇಗ ಮಲಗಿ. ಎರಡನೇ ದಿನ ನೇತ್ರಾಣಿ, ಅಲ್ಲೇ ವಸತಿ. ಮೂರನೇ ದಿನ ಬೆಳಿಗ್ಗೆ ಕಾಸರಕೋಡಲ್ಲಿ ಈಜು, ಮಧ್ಯಾಹ್ನ ಮೀನೂಟ, ಆಮೇಲೆ ಘಾಟಿ. ಒಂದು ದಿನ ಹೆಚ್ಚು ಸಿಕ್ಕರೆ ಎರಡನೇ ದಿನದ ನಂತರ ಖಾಲಿ ಇಡಿ, ಯಾಕಂದ್ರೆ ಅಕ್ಟೋಬರ್, ನವೆಂಬರ್‌ನಲ್ಲಿ ಅರಬ್ಬೀ ಸಮುದ್ರ ನಂಬೋ ಹಾಗಿಲ್ಲ. 2019ರಲ್ಲಿ ದೀಪಾವಳಿ ಹೊತ್ತಿಗೇ ಕ್ಯಾರ್ ಚಂಡಮಾರುತ ಎದ್ದಿತ್ತು. ಹೈದರಾಬಾದಿನ ಇಂಕಾಯಿಸ್ ಸಂಸ್ಥೆ ಎತ್ತರದ ಅಲೆಗಳ ಮುನ್ಸೂಚನೆ ಕೊಡುತ್ತೆ, ಹೊರಡುವ ಹಿಂದಿನ ದಿನ ನೋಡಿ. ದೋಣಿಯವರು ಇವತ್ತು ಬೇಡ ಅಂದರೆ ದುಡ್ಡು ಕೊಟ್ಟಿದ್ದೀವಿ ಅಂತ ಒತ್ತಾಯ ಮಾಡಬೇಡಿ. ದಿನ ಖಾಲಿ ಇದ್ದರೆ ಮರುದಿನ ಹೋಗಬಹುದು, ಇಲ್ಲದಿದ್ದರೆ ಡಿಸೆಂಬರ್‌ಗೆ ಬನ್ನಿ, ಆಗ ನೀರು ಇನ್ನೂ ತಿಳಿಯಾಗಿರುತ್ತೆ.

ಐವರಲ್ಲಿ ಯಾರಿಗಾದರೂ ಕಿವಿ, ಸೈನಸ್ ತೊಂದರೆ ಇದ್ದರೆ ಇಲ್ಲೇ ಬರೆಯಿರಿ, ಅವರಿಗೆ ಡೈವ್ ಬದಲು ಏನು ಮಾಡಬಹುದು ಅಂತ ಯೋಚಿಸೋಣ.