ಶವಪೆಟ್ಟಿಗೆ ಹೊತ್ತ ಆರು ಜನ

ಸಭೆಯ, ಅಂದರೆ ಚರ್ಚಿನ ವಿಶ್ವಾಸಿಗಳ ಸಮುದಾಯದ, ಮೇಲೆ ಮುನಿಸಿಕೊಂಡು ದೂರವಾದವರು ಆಪ್ತಸಲಹೆಗಾರಳಾದ ನನ್ನ ಬಳಿಗೆ ಆಗಾಗ ಬರುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ನಿಜವಾಗಿಯೂ ನೋವಾಗಿರುತ್ತದೆ. ಆದರೆ ಆ ನೋವಿಗೆ ಮೊದಲೇ ಅವರು ಸಭೆಯಿಂದ ದೂರವಾಗಿದ್ದರೆಂಬುದು ಮೂರನೆಯದೋ ನಾಲ್ಕನೆಯದೋ ಭೇಟಿಯಲ್ಲಿ ತಿಳಿದುಬರುತ್ತದೆ. ಅಂಥ ಒಂದು ಪ್ರಕರಣವನ್ನು, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ.

ಅವರು ಕರಾವಳಿಯ ಪ್ರೊಟೆಸ್ಟಂಟ್ ಕುಟುಂಬದವರು, ಬೆಂಗಳೂರಿನಲ್ಲಿ ಉದ್ಯೋಗಿ, ವಯಸ್ಸು ನಲವತ್ತೈದರ ಆಸುಪಾಸು. ಊರಿನಲ್ಲಿ ತಂದೆ ತೀರಿಕೊಂಡ ಮೂರನೆಯ ದಿನ, ಮನೆಯಲ್ಲಿ ಇನ್ನೂ ನೆಂಟರು ಕೂತಿದ್ದಾಗಲೇ, ಸಭಾ ಹಿರಿಯರೊಬ್ಬರು ಸಭೆಗೆ ಕಟ್ಟಬೇಕಾದ ನಾಲ್ಕು ವರ್ಷದ ಸದಸ್ಯತ್ವ ಚಂದಾ ಬಾಕಿಯ ಮಾತೆತ್ತಿದ್ದರು. ಅಂದಿನಿಂದ ಇವರು ಯಾವ ದೇವಾಲಯದ (ಚರ್ಚಿನ) ಮೆಟ್ಟಿಲನ್ನೂ ಹತ್ತಿರಲಿಲ್ಲ. ಮಗನನ್ನು ದೃಢೀಕರಣದ, ಅಂದರೆ ತನ್ನ ನಂಬಿಕೆಯನ್ನು ಸಭೆಯ ಮುಂದೆ ತಾನೇ ಒಪ್ಪಿಕೊಳ್ಳುವ ವಿಧಿಯ, ತರಗತಿಗೆ ಸೇರಿಸುವ ವಿಚಾರದಲ್ಲಿ ಗಂಡ ಹೆಂಡಿರ ನಡುವೆ ಜಗಳವೆದ್ದಾಗ, ಹೆಂಡತಿಯ ಒತ್ತಾಯಕ್ಕೆ ನನ್ನಲ್ಲಿಗೆ ಬಂದರು.

ಮೊದಲ ಎರಡು ಭೇಟಿಗಳು ಆ ಹಿರಿಯರನ್ನು ಬಯ್ಯುವುದರಲ್ಲಿಯೇ ಕಳೆದವು. ಆ ಮಾತು ಕ್ರೂರವಾಗಿತ್ತೆಂದು ನಾನೂ ಹೇಳಿದೆ. ಅದರಲ್ಲಿ ನನಗೆ ಸಂಶಯವಿರಲಿಲ್ಲ, ಈಗಲೂ ಇಲ್ಲ. ಮೂರನೆಯ ಭೇಟಿಯಲ್ಲಿ, ತಂದೆ ತೀರಿಕೊಂಡ ಗಳಿಗೆಯಿಂದ ಮಣ್ಣು ಮಾಡುವವರೆಗೆ ನಡೆದದ್ದನ್ನೆಲ್ಲ ನಿಧಾನವಾಗಿ ಹೇಳುವಂತೆ ಕೇಳಿಕೊಂಡೆ.

ಆಸ್ಪತ್ರೆಯಿಂದ ಶರೀರ ಮನೆಗೆ ಬಂದಾಗ ರಾತ್ರಿ ಹನ್ನೊಂದು ಗಂಟೆ. ಅಷ್ಟರಲ್ಲಿ ಅಂಗಳಕ್ಕೆ ತಾಡಪಾಲು ಕಟ್ಟಿ, ದೀಪ ಹಾಕಿ, ಬೆಂಚುಗಳನ್ನು ಇಟ್ಟಾಗಿತ್ತು. ಸಭೆಯ ಸ್ತ್ರೀ ಸಮಾಜದ ಹೆಂಗಸರು ಬೆಳಗಿನ ತನಕ ಸರದಿಯಂತೆ ಕೂತು ಹಾಡಿದರು. ಅದು ಜುಲೈ ತಿಂಗಳು; ಸಮಾಧಿಯ ಗುಂಡಿಯಲ್ಲಿ ನೀರು ತುಂಬುತ್ತಿದ್ದುದರಿಂದ ಯಾರೋ ಕೊಡದಲ್ಲಿ ಮೊಗೆದು ಹಾಕುತ್ತಲೇ ಇದ್ದರಂತೆ. ಶವಪೆಟ್ಟಿಗೆಯನ್ನು ಆರು ಜನ ಹೊತ್ತರು. ‘ಆ ಆರು ಜನ ಯಾರು?’ ಎಂದು ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ‘ಒಬ್ಬರ ಹೆಸರೂ ಗೊತ್ತಿಲ್ಲ ಮೇಡಂ. ಅಪ್ಪನಿಗೆ ಎಲ್ಲರೂ ಗೊತ್ತಿದ್ದರು’ ಎಂದರು.

ಚಂದಾ ಕೇಳಿದವರ ಹೆಸರನ್ನು ಅವರು ಅದುವರೆಗೆ ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ. ನಾನು ಅದನ್ನು ನೆನಪಿಸಲಿಲ್ಲ, ನೆನಪಿಸಬೇಕಾಗಿಯೂ ಇರಲಿಲ್ಲ.

ನಮ್ಮ ಕರಾವಳಿಯ ಸಭೆಗಳ ಮಟ್ಟಿಗೆ ಈ ಸ್ಥಿತಿಗೆ ಒಂದು ಹಿನ್ನೆಲೆಯಿದೆ. 1834ರಲ್ಲಿ ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ ಮಂಗಳೂರಿಗೆ ಬಂದ ಮೇಲೆ, ಕ್ರೈಸ್ತರಾಗಿ ಮನೆ ಮತ್ತು ಕುಲಕಸುಬು ಕಳೆದುಕೊಂಡವರಿಗೆ ಸಭೆಯೇ ಸರ್ವಸ್ವವಾಗಿತ್ತು; ಶಾಲೆ, ನೇಯ್ಗೆ ಕಾರ್ಖಾನೆ, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭವಾದ ಹಂಚಿನ ಕಾರ್ಖಾನೆ ಎಲ್ಲವೂ ಮಿಷನ್ನಿನವೇ. ಭಾನುವಾರ ಆರಾಧನೆಯಲ್ಲಿ ಪಕ್ಕದಲ್ಲಿ ಕೂತವರೇ ಸೋಮವಾರ ಕೆಲಸದಲ್ಲಿಯೂ ಜೊತೆಗಿರುತ್ತಿದ್ದರು. ಇಂದು ಅದೊಂದೂ ಉಳಿದಿಲ್ಲ, ಉಳಿಯಬೇಕೆಂದೂ ನಾನು ಹೇಳುವುದಿಲ್ಲ. ಆದರೆ ದೂರದ ಊರುಗಳಲ್ಲಿರುವ ಹಲವರಿಗೆ ಸಭೆಯೆಂದರೆ ದೀಕ್ಷಾಸ್ನಾನ, ಮದುವೆ ಮತ್ತು ಸಮಾಧಿಯ ಜಾಗಕ್ಕಾಗಿ ಚಂದಾ ಕಟ್ಟಿ ಉಳಿಸಿಕೊಳ್ಳುವ ಒಂದು ಹಕ್ಕಾಗಿದೆ. ಹಕ್ಕಿನ ಲೆಕ್ಕದಲ್ಲಿ ಹೋದವರಿಗೆ ಬಾಕಿಯ ಲೆಕ್ಕವೇ ಎದುರಾದರೆ ಆಶ್ಚರ್ಯಪಡುವಂಥದ್ದೇನೂ ಇಲ್ಲ.

ನಾನು ಕೊಟ್ಟ ಸಲಹೆ ಇಷ್ಟು. ಮೊದಲು ಊರಿಗೆ ಹೋಗಿ ಆ ಆರು ಜನರ ಹೆಸರು ಕೇಳಿ ತಿಳಿದು, ಅವರ ಮನೆಗಳಿಗೆ ಹೋಗಿ ಬನ್ನಿ. ಬಾಕಿಯನ್ನು ಕಟ್ಟಿ, ಆದರೆ ಅಂದಿನ ಮಾತಿನಿಂದ ಆದ ನೋವನ್ನು ಸಭಾಪಾಲಕರಿಗೆ (ಪಾಸ್ಟರಿಗೆ) ಪತ್ರದಲ್ಲಿ ತಿಳಿಸಿ. ಬೆಂಗಳೂರಿನಲ್ಲಿ ಮನೆಗೆ ಹತ್ತಿರದ ಒಂದೇ ಕನ್ನಡ ಸಭೆಗೆ, ಪ್ರಸಂಗದ (ಆರಾಧನೆಯ ಉಪದೇಶದ) ರುಚಿ ನೋಡಿ ಬದಲಿಸದೆ, ಒಂದು ವರ್ಷ ಹೋಗಿ. ಕೊನೆಯ ಆಶೀರ್ವಾದಕ್ಕೆ ಮೊದಲೇ ಎದ್ದು ಬರಬೇಡಿ. ಯಾವ ಸಮಿತಿಗೂ ನಿಲ್ಲಬೇಡಿ, ಆದರೆ ಕೈಯಿಂದ ಮಾಡುವ ಒಂದು ಕೆಲಸವನ್ನು ವಹಿಸಿಕೊಳ್ಳಿ.

ಆಪ್ತಸಲಹೆಗಾರರು ಯಾರನ್ನೂ ದೇವಾಲಯಕ್ಕೆ ಕಳಿಸಬಾರದೆಂದು ನನ್ನ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಂಬಿಕೆಯಿಲ್ಲದವರಿಗೆ ನಾನು ಹೀಗೆ ಹೇಳುವುದಿಲ್ಲ. ಸಭೆಯೊಳಗೆ ದೌರ್ಜನ್ಯಕ್ಕೆ ಒಳಗಾದವರಿಗಂತೂ ಹಿಂದಿರುಗಿ ಎಂದು ಎಂದೂ ಹೇಳಿಲ್ಲ. ಈತ ನಂಬಿಕೆಯನ್ನು ಬಿಟ್ಟಿರಲಿಲ್ಲ, ಮನೆಯಲ್ಲಿ ಒಬ್ಬರೇ ಪ್ರಾರ್ಥಿಸುತ್ತಿದ್ದರು. ಸಭೆಗೆ ಬಾರದವರನ್ನು ಗದರಿಸಲು ಬೈಬಲಿನ ಇಬ್ರಿಯರಿಗೆ ಬರೆದ ಪತ್ರಿಕೆಯ 10ನೇ ಅಧ್ಯಾಯದ, ಕೂಡಿಬರುವುದನ್ನು ಬಿಡಬಾರದೆನ್ನುವ 25ನೇ ವಚನವನ್ನು ನಮ್ಮಲ್ಲಿ ಕೋಲಿನಂತೆ ಬಳಸುತ್ತಾರೆ. ಅದರ ಹಿಂದಿನ ವಚನ ಒಬ್ಬರನ್ನೊಬ್ಬರು ಪ್ರೀತಿಗೂ ಸತ್ಕಾರ್ಯಕ್ಕೂ ಪ್ರೇರಿಸುವ ಬಗ್ಗೆ ಹೇಳುತ್ತದೆ. ಹೆಸರೇ ತಿಳಿಯದವರನ್ನು ಪ್ರೇರಿಸುವುದು ಹೇಗೆ?

ಎಂಟು ತಿಂಗಳ ನಂತರ ಅವರು ಮತ್ತೆ ಬಂದರು. ಭಾನುವಾರ ಬೆಳಿಗ್ಗೆ ತಮ್ಮ ಬೀದಿಯ ಇಬ್ಬರು ವೃದ್ಧೆಯರನ್ನು ಕಾರಿನಲ್ಲಿ ಆರಾಧನೆಗೆ ಕರೆದೊಯ್ಯುವ ಕೆಲಸ ಅವರದ್ದಾಗಿದೆ. ಊರಿನ ಸದಸ್ಯತ್ವವನ್ನು ಇನ್ನೂ ವರ್ಗಾಯಿಸಿಕೊಂಡಿಲ್ಲ, ನಾನೂ ಒತ್ತಾಯಿಸಿಲ್ಲ. ಆರು ಜನರಲ್ಲಿ ಐವರ ಮನೆಗಳಿಗೆ ಹೋಗಿ ಬಂದರಂತೆ. ಆರನೆಯವರು ಅಷ್ಟರಲ್ಲಿ ತೀರಿಕೊಂಡಿದ್ದರು. ಅವರ ಮನೆಗೂ ಹೋದಾಗ, ಅವರ ಹೆಂಡತಿ ಇವರನ್ನು ನೋಡಿದೊಡನೆ ತಂದೆಯ ಹೆಸರು ಹಿಡಿದು ಗುರುತಿಸಿ ಒಳಗೆ ಕರೆದರಂತೆ.