ವಿಕಿಪೀಡಿಯದಲ್ಲಿ ನನ್ನ ತಿದ್ದುಪಡಿಯನ್ನು ಪದೇ ಪದೇ ತೆಗೆದುಹಾಕುತ್ತಿದ್ದಾರೆ, ನಾನೇನು ಮಾಡಲಿ?

ನೀವು ಸೇರಿಸಿದ ಸರಿಯಾದ ಮಾಹಿತಿಯನ್ನು ಒಬ್ಬರು ಮೂರು ಸಲ ತೆಗೆದಿದ್ದಾರೆ, ನಾಲ್ಕನೆಯ ಸಲ ಹಾಕಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದೇ ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಬಾರಿ ಬೇರೆಯವರ ಸಂಪಾದನೆಯನ್ನು ರದ್ದು ಮಾಡಿದವರನ್ನು ನಿರ್ವಾಹಕರು ನಿರ್ಬಂಧಿಸಬಹುದು. ಕಿಡಿಗೇಡಿತನವನ್ನು ಅಳಿಸುವಂತಹ ಕೆಲವು ಸಂದರ್ಭಗಳನ್ನು ಬಿಟ್ಟರೆ, ‘ನಾನು ಬರೆದದ್ದೇ ನಿಜ’ ಎಂಬ ವಾದ ಅಲ್ಲಿ ನಡೆಯುವುದಿಲ್ಲ.

ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಕೆಲವು ವರ್ಷಗಳ ಹಿಂದೆ ನಮ್ಮೂರಿನ ಕೆರೆ ಏರಿಯ ಮೇಲಿರುವ ಶಾಸನವನ್ನು ನಾನೇ ನೀರು ಹಾಕಿ ತೊಳೆದು, ಬೆರಳಾಡಿಸಿ ಓದಿ, ಅದರ ಶಕವರ್ಷವನ್ನು ಊರಿನ ಲೇಖನಕ್ಕೆ ಸೇರಿಸಿದ್ದೆ. ಅರ್ಧ ಗಂಟೆಯಲ್ಲಿ ಅದು ಹೋಗಿತ್ತು. ಕಲ್ಲನ್ನು ಮುಟ್ಟಿ ನೋಡಿದವನು ನಾನು, ಎಲ್ಲೋ ಕುಳಿತವರಿಗೆ ಏನು ಗೊತ್ತು ಎಂಬ ಸಿಟ್ಟಿನಲ್ಲಿ ಮತ್ತೆ ಹಾಕಿದೆ. ಅವರು ಮತ್ತೆ ತೆಗೆದರು. ಮರುದಿನ ಲೇಖನದ ಎಲ್ಲ ಬದಲಾವಣೆಗಳ ದಾಖಲೆಯಿರುವ ಇತಿಹಾಸ ಪುಟವನ್ನು ತೆರೆದಾಗಲೇ ಅವರು ಬರೆದಿದ್ದ ಸಾರಾಂಶ, ಅಂದರೆ ಬದಲಾವಣೆಗೆ ಕೊಡುವ ಚಿಕ್ಕ ವಿವರಣೆ, ಕಣ್ಣಿಗೆ ಬಿದ್ದದ್ದು: ‘ಆಕರವಿಲ್ಲ, ಸ್ವಂತ ಸಂಶೋಧನೆ’. ಎರಡೂ ಸಲ ಕಾರಣ ಕೊಟ್ಟಿದ್ದರು, ನಾನು ಓದಿರಲಿಲ್ಲ. ಗ್ರಂಥಾಲಯದಲ್ಲಿ ಶಾಸನಗಳ ಪಾಠವನ್ನು ಅಚ್ಚು ಮಾಡಿರುವ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆಯ ನಮ್ಮ ಜಿಲ್ಲೆಯ ಸಂಪುಟವನ್ನು ತೆಗೆಸಿ ನೋಡಿದರೆ ಆ ಶಾಸನ ಅಲ್ಲಿತ್ತು. ಸವೆದ ಒಂದು ಅಂಕಿಯನ್ನು ಮಾತ್ರ ನಾನು ತಪ್ಪಾಗಿ ಓದಿದ್ದೆ. ಶಾಸನದ ಸಂಖ್ಯೆ, ಪುಟ ಎಲ್ಲವನ್ನೂ ಲೇಖನಕ್ಕೆ ಹೊಂದಿಕೊಂಡೇ ಇರುವ ಚರ್ಚೆಪುಟದಲ್ಲಿ ಬರೆದೆ. ತೆಗೆದುಹಾಕಿದವರೇ ಅದನ್ನು ಲೇಖನಕ್ಕೆ ಸೇರಿಸಿಕೊಟ್ಟರು.

ಎರಡೂ ಕಡೆಯವರ ಬಳಿ ಆಕರಗಳಿದ್ದಾಗ ಕೆಲಸ ಕಷ್ಟವಾಗುತ್ತದೆ, ಅದನ್ನೂ ಹೇಳಬೇಕು. ಪೋಲೆಂಡಿನ ಗ್ಡಾನ್ಸ್ಕ್ ನಗರವನ್ನು ಆ ಹೆಸರಿನಿಂದ ಕರೆಯಬೇಕೋ ಜರ್ಮನ್ ಹೆಸರಾದ ಡಾಂಟ್ಸಿಗ್ ಎನ್ನಬೇಕೋ ಎಂದು ಇಂಗ್ಲಿಷ್ ವಿಕಿಪೀಡಿಯದಲ್ಲಿ ದೀರ್ಘಕಾಲ ಹೀಗೆಯೇ ಅಳಿಸಾಟ ನಡೆದಿತ್ತು. ಕೊನೆಗೆ 2005ರಲ್ಲಿ ಸಂಪಾದಕರು ಮತ ಹಾಕಿ, 1308ರಿಂದ 1945ರವರೆಗಿನ ಕಾಲಕ್ಕೆ ಡಾಂಟ್ಸಿಗ್, ಅದರ ಹಿಂದಿನ ಮತ್ತು ಮುಂದಿನ ಕಾಲಕ್ಕೆ ಗ್ಡಾನ್ಸ್ಕ್ ಎಂದು ತೀರ್ಮಾನಿಸಿಕೊಂಡರು. ಯಾರೊಬ್ಬರೂ ಪೂರ್ತಿ ಗೆಲ್ಲದ ಆ ಒಪ್ಪಂದವನ್ನು ನಾನು ಮನಸಾರೆ ಗೌರವಿಸುತ್ತೇನೆ.

ಆದ್ದರಿಂದ ಮೊದಲು ಅವರ ಸಾರಾಂಶವನ್ನು ಓದಿ. ಆಮೇಲೆ ಚರ್ಚೆಪುಟದಲ್ಲಿ, ಅವರ ಉದ್ದೇಶವನ್ನು ಕೆದಕದೆ, ವಿವಾದದಲ್ಲಿರುವ ಆ ಒಂದು ವಾಕ್ಯ ಮತ್ತು ಅದರ ಆಕರದ ಬಗ್ಗೆ ಮಾತ್ರ ಬರೆಯಿರಿ. ಕೆಲವು ದಿನ ಕಾದರೂ ಉತ್ತರ ಬಾರದಿದ್ದರೆ, ಕನ್ನಡ ವಿಕಿಪೀಡಿಯವಾದರೆ, ಸಂಪಾದಕರೆಲ್ಲ ಸೇರಿ ಮಾತಾಡುವ ‘ಅರಳಿಕಟ್ಟೆ’ ಎಂಬ ಪುಟದಲ್ಲಿ ವಿಷಯವಿಟ್ಟು ಉಳಿದ ಸಂಪಾದಕರ ಅಭಿಪ್ರಾಯ ಕೇಳಿ. ಅಷ್ಟರಲ್ಲಿ ನಿಮ್ಮ ಶ್ರಮ ಎಲ್ಲೂ ಹೋಗುವುದಿಲ್ಲ. ತೆಗೆದ ವಾಕ್ಯ ಇತಿಹಾಸ ಪುಟದ ಹಳೆಯ ಆವೃತ್ತಿಯಲ್ಲಿ ಹಾಗೆಯೇ ಇರುತ್ತದೆ.