ಮೈಎಸ್‌ಕ್ಯುಎಲ್ ಏಳುತ್ತಿಲ್ಲ ಅಂತ ಐಬಿಡೇಟಾ1 ಅಳಿಸಬೇಡಿ

ಅಕ್ಕಾ, ಉಳಿದದ್ದೆಲ್ಲ ಆಮೇಲೆ. ನಿಮ್ಮ ಪ್ರಶ್ನೆಗೆ ಉತ್ತರವಾಗಿ ಮೇಲೆ ಒಬ್ಬರು "ಡೇಟಾ ಫೋಲ್ಡರಿನಲ್ಲಿರುವ ಐಬಿಡೇಟಾ1 ಫೈಲ್ ಅಳಿಸಿ, ಮೈಎಸ್‌ಕ್ಯುಎಲ್ ತಾನಾಗೇ ಶುರುವಾಗುತ್ತೆ" ಎಂದು ಬರೆದಿದ್ದಾರೆ. ದಯವಿಟ್ಟು ಅದನ್ನು ಮಾಡಬೇಡಿ. ಶುರುವಾಗುತ್ತದೆ, ನಿಜ. ಆದರೆ ನಿಮ್ಮ ಮಾವನವರ ಮಳೆ ಲೆಕ್ಕ ತೆರೆಯುವುದಿಲ್ಲ.

ನೀವು ಬರೆದದ್ದು ಇಷ್ಟು. ಮಾವನವರ ಡೈರಿಯಲ್ಲಿದ್ದ ದಿನದಿನದ ಮಳೆ ಲೆಕ್ಕವನ್ನು ಲ್ಯಾಪ್‌ಟಾಪಿನ ಎಕ್ಸಾಂಪ್‌ನಲ್ಲಿ ಒಂದು ಪುಟ ಮಾಡಿ ಹಾಕಿದ್ದೀರಿ. (ವೆಬ್ ಪುಟ ಕೊಡುವ ಅಪಾಚೆ, ಡೇಟಾ ಇಡುವ ಮೈಎಸ್‌ಕ್ಯುಎಲ್ ಎರಡನ್ನೂ ನಮ್ಮದೇ ಕಂಪ್ಯೂಟರಿನಲ್ಲಿ ಓಡಿಸುವ ಕಟ್ಟು ಈ ಎಕ್ಸಾಂಪ್.) ಅಂಗಳದಲ್ಲಿ ಮಳೆಮಾಪಕ ನೋಡಿ ಮೊಬೈಲಿನಿಂದಲೇ ಮಿಲಿಮೀಟರ್ ತುಂಬುತ್ತೀರಿ. ಮೊನ್ನೆ ಗುಡುಗಿನ ಹೊತ್ತಿಗೆ ಕರೆಂಟ್ ಹೋಯಿತು, ಬ್ಯಾಟರಿ ಸತ್ತಿದ್ದ ಲ್ಯಾಪ್‌ಟಾಪ್ ತಟ್ಟನೆ ಆರಿತು. ಅಲ್ಲಿಂದ "ಮೈಎಸ್‌ಕ್ಯುಎಲ್ ಶಟ್‌ಡೌನ್ ಅನ್‌ಎಕ್ಸ್‌ಪೆಕ್ಟೆಡ್‌ಲಿ" ಅನ್ನುತ್ತಿದೆ. ಅಪಾಚೆಯೂ ಏಳುತ್ತಿಲ್ಲ. ಇದಲ್ಲದೆ, ಈ ವರ್ಷ ಹೊಸದಾಗಿ ಮಾಡಿದ ಟೇಬಲ್‌ನಲ್ಲಿ ನಕ್ಷತ್ರದ ಹೆಸರಿನ ಜಾಗದಲ್ಲಿ ಬರೀ ಪ್ರಶ್ನೆ ಚಿಹ್ನೆಗಳಿವೆ.

ಇವು ಮೂರು ಬೇರೆ ಬೇರೆ ತೊಂದರೆಗಳು. ಒಂದೇ ದಿನ ಕಣ್ಣಿಗೆ ಬಿದ್ದವು ಅಷ್ಟೇ. ಒಂದನ್ನು ಮುಗಿಸಿಯೇ ಇನ್ನೊಂದಕ್ಕೆ ಕೈ ಹಾಕಿ.

ಐಬಿಡೇಟಾ1 ಬಗ್ಗೆ ನಾನು ಇಷ್ಟು ಹಟದಿಂದ ಹೇಳಲು ಕಾರಣವಿದೆ. ನಾನೂ ಒಂದು ವಿಡಿಯೋ ನೋಡಿ ಹಾಗೆ ಅಳಿಸಿದ್ದೆ. ಬಟನ್ ಹಸಿರಾಯಿತು, ಸಂತೋಷಪಟ್ಟೆ. ಪಿಎಚ್‌ಪಿಮೈಅಡ್ಮಿನ್ (ಡೇಟಾಬೇಸನ್ನು ಬ್ರೌಸರಿನಲ್ಲಿ ನೋಡುವ ಸಾಧನ) ತೆರೆದರೆ ಎಡಗಡೆ ಟೇಬಲ್‌ಗಳ ಹೆಸರೆಲ್ಲ ಇದ್ದವು. ಒಳಗೆ ಹೋದರೆ "ಡಸಂಟ್ ಎಗ್ಸಿಸ್ಟ್ ಇನ್ ಎಂಜಿನ್" ಎಂಬ 1932ನೇ ನಂಬರಿನ ಎರರ್. ಎರಡು ವರ್ಷದ ಕಾಳುಮೆಣಸಿನ ತೂಕದ ಲೆಕ್ಕ ಹಾಗೇ ಹೋಯಿತು. ಆಗುವುದೇನೆಂದರೆ, ನಿಮ್ಮ ಸಾಲುಗಳು ಡೇಟಾಬೇಸಿನ ಹೆಸರಿನ ಫೋಲ್ಡರಿನಲ್ಲಿ ಟೇಬಲ್‌ಗೊಂದು ಫೈಲಿನಂತೆ ಇರುತ್ತವೆ. ಯಾವ ಫೈಲು ಯಾವ ಟೇಬಲಿನದ್ದು ಎಂಬ ಖಾತೆ ಪುಸ್ತಕ ಮಾತ್ರ ಐಬಿಡೇಟಾ1 ಒಳಗಿದೆ. ಪುಸ್ತಕ ಸುಟ್ಟರೆ ಉಗ್ರಾಣದಲ್ಲಿ ಮೂಟೆ ಇದ್ದೂ ಯಾರದ್ದೆಂದು ಗೊತ್ತಾಗುವುದಿಲ್ಲ, ಅಲ್ವಾ? ಹಾಗೆ.

ಈಗ ಕೆಲಸಕ್ಕೆ ಬರೋಣ. ಎಕ್ಸಾಂಪ್ ಪೂರ್ತಿ ಮುಚ್ಚಿ. ಸಿ ಡ್ರೈವಿನ ಎಕ್ಸಾಂಪ್ ಫೋಲ್ಡರ್, ಅದರೊಳಗೆ ಮೈಎಸ್‌ಕ್ಯುಎಲ್, ಅದರೊಳಗೆ ಡೇಟಾ. ಈ ಡೇಟಾ ಫೋಲ್ಡರನ್ನು ಇಡಿಯಾಗಿ ಪೆನ್‌ಡ್ರೈವಿಗೆ ಕಾಪಿ ಮಾಡಿ. ಇದಾಗುವವರೆಗೆ ಬೇರೆ ಏನೂ ಬೇಡ. ಕಾಪಿ ಕೈಯಲ್ಲಿದ್ದರೆ ನಾವು ಎಷ್ಟು ಸಲ ಬೇಕಾದರೂ ತಪ್ಪಬಹುದು.

ಆಮೇಲೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮೈಎಸ್‌ಕ್ಯುಎಲ್ ಸಾಲಿನ ಲಾಗ್ಸ್ ಬಟನ್ ಒತ್ತಿ ಮೈಎಸ್‌ಕ್ಯುಎಲ್ ಎರರ್ ಲಾಗ್ ತೆರೆಯಿರಿ. ಉದ್ದ ಇರುತ್ತದೆ, ಹೆದರಬೇಡಿ. ಕೊನೆಯ ಇಪ್ಪತ್ತು ಮೂವತ್ತು ಸಾಲು ಸಾಕು. ಪ್ಯಾನೆಲ್‌ನ ಕೆಂಪು ಅಕ್ಷರ "ನಿಂತುಹೋಯಿತು" ಎಂದಷ್ಟೇ ಹೇಳುತ್ತದೆ. ಯಾಕೆ ನಿಂತಿತು ಎಂಬುದು ಇರುವುದು ಈ ಫೈಲಿನಲ್ಲಿ.

ಅಲ್ಲಿ "ಏರಿಯಾ ರಿಕವರಿ ಫೇಲ್ಡ್" ಅಂತ ಇದೆಯಾ ನೋಡಿ. ಕರೆಂಟ್ ಹೋದ ಮೇಲೆ ನಾನು ಹೆಚ್ಚಾಗಿ ಕಂಡಿರುವುದು ಇದನ್ನೇ. ಪ್ಯಾನೆಲ್‌ನಲ್ಲಿ ಮೈಎಸ್‌ಕ್ಯುಎಲ್ ಎಂದು ಬರೆದಿದ್ದರೂ ಎಕ್ಸಾಂಪ್ ಒಳಗೆ 2015ರಿಂದ ಇರುವುದು ಅದರಿಂದಲೇ ಕವಲೊಡೆದ ಮರಿಯಾಡಿಬಿ. ಮರಿಯಾಡಿಬಿಯ 10.4 ಮತ್ತು ಅದರ ನಂತರದ ಆವೃತ್ತಿಗಳಲ್ಲಿ ಬಳಕೆದಾರರ ಹೆಸರು, ಪಾಸ್‌ವರ್ಡ್ ಇರುವ ಒಳಗಿನ ಟೇಬಲ್‌ಗಳು ಏರಿಯಾ ಎಂಬ ಬಗೆಯವು. ನಿಮ್ಮ ಮಳೆ ಟೇಬಲ್ ಹೆಚ್ಚಾಗಿ ಇನ್ನೋಡಿಬಿ ಬಗೆಯದು. ಅಂದರೆ ಕೆಟ್ಟಿರುವುದು ಬಾಗಿಲ ಚಿಲಕ, ಒಳಗಿನ ಅಡಿಕೆ ಅಲ್ಲ. ಡೇಟಾ ಫೋಲ್ಡರಿನಲ್ಲಿ "ಏರಿಯಾ ಲಾಗ್" ಎಂದು ಶುರುವಾಗುವ ಫೈಲುಗಳನ್ನು ಕಟ್ ಮಾಡಿ ಡೆಸ್ಕ್‌ಟಾಪ್‌ನ ಒಂದು ಫೋಲ್ಡರಿಗೆ ಹಾಕಿ, ಮತ್ತೆ ಸ್ಟಾರ್ಟ್ ಒತ್ತಿ. ಹೊಸ ಫೈಲುಗಳನ್ನು ಅದೇ ಮಾಡಿಕೊಳ್ಳುತ್ತದೆ. ಎಷ್ಟೋ ಸಲ ಇಲ್ಲಿಗೇ ಮುಗಿಯುತ್ತದೆ.

ಮುಗಿಯಲಿಲ್ಲ ಅಂದುಕೊಳ್ಳಿ. ಆಗ ಡೇಟಾ ಫೋಲ್ಡರಿನ ಹೆಸರನ್ನು "ಹಳೆಡೇಟಾ" ಎಂದು ಬದಲಿಸಿ. ಅದರ ಪಕ್ಕದಲ್ಲೇ ಬ್ಯಾಕಪ್ ಎಂಬ ಫೋಲ್ಡರ್ ಇದೆ. ಅದು ನೀವು ಮಾಡಿದ್ದಲ್ಲ, ಎಕ್ಸಾಂಪ್ ಜೊತೆಗೇ ಬಂದದ್ದು. ಅದರ ಒಂದು ಕಾಪಿ ಮಾಡಿ ಕಾಪಿಗೆ ಡೇಟಾ ಎಂದು ಹೆಸರಿಡಿ. ಹಳೆಯದರಿಂದ ನಿಮ್ಮ ಮಳೆ ಡೇಟಾಬೇಸಿನ ಫೋಲ್ಡರ್ ಮತ್ತು ಐಬಿಡೇಟಾ1, ಇವೆರಡನ್ನು ಹೊಸದಕ್ಕೆ ತನ್ನಿ. ಐಬಿಡೇಟಾ1 ಇದ್ದರೆ ಮೇಲೆ ಹಾಕಲೇ ಅಂತ ಕೇಳುತ್ತದೆ, ಹೂಂ ಅನ್ನಿ. ಮೈಎಸ್‌ಕ್ಯುಎಲ್, ಪರ್ಫಾರ್ಮೆನ್ಸ್ ಸ್ಕೀಮಾ, ಪಿಎಚ್‌ಪಿಮೈಅಡ್ಮಿನ್ ಹೆಸರಿನ ಫೋಲ್ಡರುಗಳನ್ನು ತರಬೇಡಿ, ಕೆಟ್ಟಿರುವುದು ಅಲ್ಲೇ. ಸ್ಟಾರ್ಟ್ ಒತ್ತಿ. ನೀವು ಪಾಸ್‌ವರ್ಡ್ ಇಟ್ಟಿದ್ದರೆ ಅದು ಹೋಗಿರುತ್ತದೆ, ರೂಟ್ ಎಂಬ ಮುಖ್ಯ ಬಳಕೆದಾರ ಮತ್ತೆ ಖಾಲಿ ಪಾಸ್‌ವರ್ಡಿಗೆ ಬಂದಿರುತ್ತದೆ. ಪುಟ ತೆರೆಯದಿದ್ದರೆ ಮೊದಲು ಅದನ್ನೇ ನೋಡಿ.

ಎದ್ದಿತು ಅಂದ ತಕ್ಷಣ ಪಿಎಚ್‌ಪಿಮೈಅಡ್ಮಿನ್‌ಗೆ ಹೋಗಿ ಆ ಡೇಟಾಬೇಸ್ ಎಕ್ಸ್‌ಪೋರ್ಟ್ ಮಾಡಿ. ಚಹಾ ಕುಡಿದು ಬಂದು ಮಾಡುತ್ತೇನೆ ಅನ್ನಬೇಡಿ. ಹೀಗೆ ಹೊಲಿಗೆ ಹಾಕಿದ ಡೇಟಾದ ಲಾಗ್‌ನಲ್ಲಿ "ಲಾಗ್ ಸೀಕ್ವೆನ್ಸ್ ನಂಬರ್ ಈಸ್ ಇನ್ ದ ಫ್ಯೂಚರ್" ಎಂಬ ಸಾಲು ಬರಬಹುದು. ಹಳೆಯ ಫೈಲಿಗೂ ಹೊಸ ಲಾಗ್‌ಗೂ ಲೆಕ್ಕ ತಾಳೆಯಾಗುತ್ತಿಲ್ಲ ಎಂದರ್ಥ. ಸದ್ಯ ನಡೆಯುತ್ತದೆ, ಆದರೆ ಅದರ ಮೇಲೇ ವರ್ಷಗಟ್ಟಲೆ ಕಟ್ಟುತ್ತಾ ಹೋಗುವುದು ಬೇಡ. ಎಕ್ಸ್‌ಪೋರ್ಟ್ ಆದ ಫೈಲನ್ನು ಹೊಸದಾಗಿ ಹಾಕಿದ ಎಕ್ಸಾಂಪ್‌ಗೆ ಇಂಪೋರ್ಟ್ ಮಾಡಿಕೊಳ್ಳಿ.

ಇಷ್ಟಕ್ಕೂ ಏಳದೆ ಲಾಗ್‌ನಲ್ಲಿ ಇನ್ನೋಡಿಬಿ ಕರಪ್ಟ್ ಅಂತ ಬಂದರೆ "ಇನ್ನೋಡಿಬಿ ಫೋರ್ಸ್ ರಿಕವರಿ" ಅನ್ನುವ ಸೆಟ್ಟಿಂಗ್ ಇದೆ. 1ರಿಂದ 6ರವರೆಗೆ ಕೊಡಬಹುದು. 4 ಮತ್ತು ಅದಕ್ಕಿಂತ ಮೇಲೆ ಕೊಟ್ಟರೆ ಇದ್ದ ಡೇಟಾ ಶಾಶ್ವತವಾಗಿ ಕೆಡಬಹುದು. ನೀವು ಒಬ್ಬರೇ ಅದಕ್ಕೆ ಕೈ ಹಾಕಬೇಡಿ, ಇಲ್ಲಿ ಕೇಳಿ, ಜೊತೆಯಲ್ಲಿ ಮಾಡೋಣ.

ಇನ್ನು ಅಪಾಚೆ. ಇದು ಸುಲಭ. ಅಳಿಯ ಹೋದ ವಾರ ತಮ್ಮ ಕೆಲಸಕ್ಕೆ ಎಸ್‌ಕ್ಯುಎಲ್ ಸರ್ವರ್ ಹಾಕಿಕೊಂಡರು ಎಂದಿರಲ್ಲ, ನನ್ನ ಅನುಮಾನ ಅದರ ಮೇಲೆ. ವೆಬ್ ಸರ್ವರ್ ಕೂರುವ ಬಾಗಿಲು 80ನೇ ಪೋರ್ಟ್. ಒಂದು ಬಾಗಿಲಲ್ಲಿ ಒಬ್ಬರಿಗೇ ಜಾಗ. ಕಂಟ್ರೋಲ್ ಪ್ಯಾನೆಲ್‌ನ ಬಲಗಡೆ ನೆಟ್‌ಸ್ಟ್ಯಾಟ್ ಬಟನ್ ಇದೆ, ಒತ್ತಿ. 80ರ ಎದುರು ಯಾರ ಹೆಸರಿದೆ ನೋಡಿ. "ಸಿಸ್ಟಮ್", ಪಿಐಡಿ (ಓಡುತ್ತಿರುವ ಪ್ರೋಗ್ರಾಮಿನ ನಂಬರ್) 4 ಎಂದಿದ್ದರೆ ಅದನ್ನು ಟಾಸ್ಕ್ ಮ್ಯಾನೇಜರಿನಲ್ಲಿ ಕೊಲ್ಲಲು ಹೋಗಬೇಡಿ, ಅದು ವಿಂಡೋಸ್‌ನದ್ದೇ ಒಳಭಾಗ. ಅದರ ಹಿಂದೆ ನಿಂತು ಬಾಗಿಲು ಹಿಡಿದಿರುವುದು ಎಸ್‌ಕ್ಯುಎಲ್ ಸರ್ವರ್‌ನ ರಿಪೋರ್ಟಿಂಗ್ ಸರ್ವಿಸಸ್ ಇರಬಹುದು, ಇಲ್ಲವೇ ವಿಂಡೋಸ್‌ನ "ವರ್ಲ್ಡ್ ವೈಡ್ ವೆಬ್ ಪಬ್ಲಿಶಿಂಗ್ ಸರ್ವಿಸ್" ಇರಬಹುದು. ಸ್ಕೈಪ್ ಮುಚ್ಚಿ ಎಂದು ಹೇಳುವ ಸಲಹೆಗಳು ಇಂಟರ್ನೆಟ್ ತುಂಬ ಇವೆ. ಅವು ಹಳೆಯವು. ಸ್ಕೈಪೇ 2025ರ ಮೇನಲ್ಲಿ ನಿಂತುಹೋಗಿದೆ.

ಅಳಿಯನ ಕೆಲಸ ಕೆಡಿಸುವುದು ಬೇಡ. ನಾವೇ ಬೇರೆ ಬಾಗಿಲಿಗೆ ಹೋಗೋಣ. ಅಪಾಚೆ ಸಾಲಿನ ಕಾನ್ಫಿಗ್ ಬಟನ್ ಒತ್ತಿ ಎಚ್‌ಟಿಟಿಪಿಡಿ ಡಾಟ್ ಕಾನ್ಫ್ ತೆರೆಯಿರಿ. "ಲಿಸನ್ 80" ಇರುವ ಸಾಲನ್ನು "ಲಿಸನ್ 8080" ಮಾಡಿ. ಕೆಳಗೆ "ಸರ್ವರ್‌ನೇಮ್ ಲೋಕಲ್‌ಹೋಸ್ಟ್:80" ಇದೆ, ಅಲ್ಲೂ 8080 ಮಾಡಿ. (ನಾನಿಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಫೈಲಿನಲ್ಲಿರುವುದು ಇಂಗ್ಲಿಷ್ ಅಕ್ಷರ, ಅಂಕಿ ಮಾತ್ರ ಬದಲಿಸಿ.) ಸಾಲಿನ ಮುಂದೆ ಹ್ಯಾಶ್ ಗುರುತು ಇದ್ದರೆ ಅದು ಲೆಕ್ಕಕ್ಕಿಲ್ಲದ ಸಾಲು, ಮುಟ್ಟಬೇಡಿ. ಸೇವ್ ಮಾಡಿ, ಅಪಾಚೆ ಸ್ಟಾರ್ಟ್ ಮಾಡಿ.

ಒಂದು ಕಡೆ ತುಂಬ ಜನ ಎಡವುತ್ತಾರೆ. ಕಂಟ್ರೋಲ್ ಪ್ಯಾನೆಲ್‌ನ ಮೇಲ್ಗಡೆಯ ಕಾನ್ಫಿಗ್‌ನಲ್ಲಿ "ಸರ್ವಿಸ್ ಆ್ಯಂಡ್ ಪೋರ್ಟ್ ಸೆಟ್ಟಿಂಗ್ಸ್" ಇದೆ. ಅಲ್ಲಿ 8080 ಬರೆದರೆ ಅಪಾಚೆ ಜಾಗ ಬದಲಿಸುವುದಿಲ್ಲ. ಪ್ಯಾನೆಲ್ ಯಾವ ಪೋರ್ಟ್ ಖಾಲಿ ಇದೆಯಾ ಎಂದು ನೋಡಬೇಕು ಅನ್ನುವುದಷ್ಟೇ ಬದಲಾಗುತ್ತದೆ. ಎರಡೂ ಕಡೆ ಬದಲಿಸಿ. ಹಾಗೇ ಎಚ್‌ಟಿಟಿಪಿಎಸ್ ಪುಟಗಳ ಬಾಗಿಲಾದ 443 ಕೂಡ ಯಾರದ್ದೋ ವಶದಲ್ಲಿದ್ದರೆ ಎಸ್‌ಎಸ್‌ಎಲ್ ಕಾನ್ಫ್ ಫೈಲಿನಲ್ಲಿ ಅದನ್ನು 4433 ಮಾಡಿ.

ಇನ್ನು ಮುಂದೆ ವಿಳಾಸ ಲೋಕಲ್‌ಹೋಸ್ಟ್:8080. ಮೊಬೈಲಿನಲ್ಲಿ ಉಳಿಸಿಕೊಂಡ ವಿಳಾಸದ ಕೊನೆಗೂ :8080 ಸೇರಿಸಿ. ಮರೆತರೆ ಅಳಿಯನ ಸರ್ವರ್ ಉತ್ತರ ಕೊಡುತ್ತದೆ, ನಿಮಗೆ 404 ಕಾಣುತ್ತದೆ, ಪುಟವೇ ಹೋಯಿತೆಂದು ಸುಮ್ನೆ ಗಾಬರಿಯಾಗುತ್ತೀರಿ. ಕರೆಂಟ್ ಹೋಗಿ ಬಂದಾಗ ವೈಫೈ ರೂಟರ್ ಲ್ಯಾಪ್‌ಟಾಪಿಗೆ ಬೇರೆ ಐಪಿ ಕೊಟ್ಟಿರಲೂಬಹುದು. ಕಮ್ಯಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ ಕೊಟ್ಟು ನೋಡಿಕೊಳ್ಳಿ. ರೂಟರ್‌ನಲ್ಲೇ ಆ ಲ್ಯಾಪ್‌ಟಾಪಿಗೆ ಒಂದು ಐಪಿ ಕಟ್ಟಿಟ್ಟರೆ ಮಳೆಗಾಲವಿಡೀ ನೆಮ್ಮದಿ.

ಈಗ ಪ್ರಶ್ನೆ ಚಿಹ್ನೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಕನ್ನಡದಲ್ಲಿ ಏನೇ ಮಾಡಿದರೂ ಇದು ಒಂದಲ್ಲ ಒಂದು ದಿನ ಎದುರಾಗುತ್ತದೆ.

ಕನ್ನಡ ಹಾಳಾಗಿ ಕಂಡಾಗ ಹೇಗೆ ಹಾಳಾಗಿದೆ ಎಂದು ನೋಡಬೇಕು. ಖಾಲಿ ಚೌಕ ಕಂಡರೆ ಫಾಂಟ್ ಇಲ್ಲ, ಡೇಟಾ ಚೆನ್ನಾಗಿದೆ. ತಲೆಯ ಮೇಲೆ ಗೆರೆ ಇರುವ ಇಂಗ್ಲಿಷ್ ಎ ಅಕ್ಷರ ಸಾಲುಸಾಲಾಗಿ ಕಂಡರೆ, ಡೇಟಾ ಇದೆ, ಓದುವ ಕ್ರಮ ತಪ್ಪಾಗಿದೆ, ಹೆಚ್ಚಾಗಿ ವಾಪಸ್ ಪಡೆಯಬಹುದು. ಬರೀ ???? ಕಂಡರೆ ಬೇಸರದ ಸುದ್ದಿ. ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಆ ಕಾಲಮ್ಮನ್ನು ಹೆಕ್ಸ್ (ಒಳಗಿನ ಬೈಟ್‌ಗಳನ್ನು ಹಾಗೇ ತೋರಿಸುವ ಕ್ರಮ) ಮಾಡಿ ನೋಡಿ. ಕನ್ನಡ ಇದ್ದರೆ ಒಂದೊಂದು ಅಕ್ಷರಕ್ಕೆ ಮೂರು ಬೈಟ್ ಇರುತ್ತದೆ, ಕ ಅಕ್ಷರವಾದರೆ ಇ0 ಬಿ2 95. ಅದರ ಬದಲು 3ಎಫ್ 3ಎಫ್ ಅಂತ ಸಾಲಾಗಿದ್ದರೆ, ಸೇವ್ ಆಗುವಾಗಲೇ ಅಕ್ಷರ ಹೋಗಿದೆ. 3ಎಫ್ ಅಂದರೆ ನಿಜವಾದ ಪ್ರಶ್ನೆ ಚಿಹ್ನೆ. ಯಾವ ಸೆಟ್ಟಿಂಗ್ ಬದಲಿಸಿದರೂ ಅದು ಮತ್ತೆ ಕನ್ನಡವಾಗುವುದಿಲ್ಲ.

ಹಳೆಯ ಟೇಬಲ್‌ಗಳು ಸರಿ ಇದ್ದು ಹೊಸದು ಮಾತ್ರ ಹೀಗಾದದ್ದು ಯಾಕೆ? ಎರಡರ ಸ್ಟ್ರಕ್ಚರ್ ತೆರೆದು ಕೊಲೇಶನ್ (ಅಕ್ಷರಗಳನ್ನು ಯಾವ ಕ್ರಮದಲ್ಲಿ ಇಡಬೇಕು, ಹೋಲಿಸಬೇಕು ಎಂಬ ಸೆಟ್ಟಿಂಗ್) ಕಾಲಮ್ ಹೋಲಿಸಿ. ಹೊಸದರಲ್ಲಿ "ಲ್ಯಾಟಿನ್1 ಸ್ವೀಡಿಶ್" ಎಂದಿರುತ್ತದೆ ಅನ್ನುವುದು ನನ್ನ ಊಹೆ. ಮೈಎಸ್‌ಕ್ಯುಎಲ್ ಶುರುಮಾಡಿದ ಕಂಪನಿ ಸ್ವೀಡನ್ನಿನದು, ಬಹಳ ವರ್ಷ ತಾನಾಗಿ ಬರುತ್ತಿದ್ದದ್ದು ಅದೇ. ಲ್ಯಾಟಿನ್1ರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ತಪ್ಪು ಡೇಟಾ ತಿರಸ್ಕರಿಸುವ ಸ್ಟ್ರಿಕ್ಟ್ ಮೋಡ್ ಇಲ್ಲದಿದ್ದರೆ ಅದು ತಕರಾರು ಮಾಡದೆ, ಜಾಗವಿಲ್ಲದ ಪ್ರತಿ ಅಕ್ಷರಕ್ಕೂ ಒಂದು ? ಬರೆದು ಮುಂದೆ ಹೋಗುತ್ತದೆ. ನೀವು ತುಂಬುತ್ತಲೇ ಇದ್ದಿರಿ, ಅದು ಕಳೆಯುತ್ತಲೇ ಇತ್ತು.

ಆಪರೇಶನ್ಸ್ ಟ್ಯಾಬ್‌ಗೆ ಹೋಗಿ ಟೇಬಲಿನ ಕೊಲೇಶನ್ "ಯುಟಿಎಫ್8ಎಂಬಿ4 ಯುನಿಕೋಡ್ ಸಿಐ" ಮಾಡಿ. ಎಲ್ಲ ಕಾಲಮ್‌ಗಳ ಕೊಲೇಶನ್ ಬದಲಿಸು ಅನ್ನುವ ಚೌಕಕ್ಕೂ ಟಿಕ್ ಹಾಕಿ. ಟಿಕ್ ಮರೆತರೆ ಟೇಬಲ್ ಮಾತ್ರ ಬದಲಾಗಿ ಕಾಲಮ್ ಲ್ಯಾಟಿನ್‌ನಲ್ಲೇ ಉಳಿಯುತ್ತದೆ. ನಿಮ್ಮ ಪಿಎಚ್‌ಪಿ ಫೈಲಿನಲ್ಲಿ ಡೇಟಾಬೇಸಿಗೆ ಕನೆಕ್ಟ್ ಆಗುವ ಸಾಲಿನ ಕೆಳಗೆ ಸೆಟ್ ಚಾರ್‌ಸೆಟ್ ಸಾಲು ಸೇರಿಸಿ, ಅಲ್ಲೂ ಯುಟಿಎಫ್8ಎಂಬಿ4 ಕೊಡಿ. ಬರೀ ಯುಟಿಎಫ್8 ಸಾಲದೇ ಎಂದರೆ, ಕನ್ನಡ ಮೂರು ಬೈಟಿನದಾದ್ದರಿಂದ ಅದರಲ್ಲೂ ಹಿಡಿಯುತ್ತದೆ. ಆದರೆ ಷರಾದಲ್ಲಿ ಯಾರಾದರೂ ಮೊಬೈಲಿನಿಂದ ನಗುಮುಖದ ಇಮೋಜಿ ಹಾಕಿದರೆ ಎಡವಬಹುದು. ಎಷ್ಟೋ ಇಮೋಜಿಗೆ ನಾಲ್ಕು ಬೈಟ್ ಬೇಕು.

ಟೇಬಲಿನಲ್ಲಿ ಗೆರೆ ಇರುವ ಎ ಅಕ್ಷರಗಳಿದ್ದರೆ ಮಾತ್ರ ಕೊಲೇಶನ್ ಬದಲಿಸಬೇಡಿ. ತಪ್ಪು ಇನ್ನೂ ಒಂದು ಸುತ್ತು ಗಟ್ಟಿಯಾಗುತ್ತದೆ. ಅದಕ್ಕೆ ದಾರಿ ಬೇರೆ.

ಹೋದ ನಕ್ಷತ್ರದ ಹೆಸರುಗಳಿಗೆ ಬೇಸರ ಮಾಡಿಕೊಳ್ಳಬೇಡಿ. ತಾರೀಖು ಮತ್ತು ಮಿಲಿಮೀಟರ್ ಅಂಕಿಗಳು, ಅವಕ್ಕೆ ಲ್ಯಾಟಿನ್ ಏನೂ ಮಾಡಿರುವುದಿಲ್ಲ. ತಾರೀಖಿದ್ದರೆ ನಕ್ಷತ್ರ ಸಿಕ್ಕಿದಂತೆಯೇ. ಆರಿದ್ರ ಮಳೆ ಹುಟ್ಟುವುದು ಜೂನ್ 22ರ ಸುಮಾರಿಗೆ, ಪುನರ್ವಸು ಜುಲೈ 6ರ ಸುಮಾರಿಗೆ, ಪುಷ್ಯ ಜುಲೈ 20ರ ಹತ್ತಿರ. ಸರಿಯಾದ ದಿನ ಈ ವರ್ಷದ ಪಂಚಾಂಗದಲ್ಲಿ ನೋಡಿಕೊಂಡು, ಈ ತಾರೀಖಿನಿಂದ ಆ ತಾರೀಖಿನವರೆಗಿನ ಸಾಲುಗಳಿಗೆ ಈ ಹೆಸರು ಎಂದು ಒಂದೊಂದು ಅಪ್‌ಡೇಟ್ ಕೊಟ್ಟರೆ ಮುಗಿಯಿತು. ಹುಟ್ಟಿದ ದಿನದ ಬಗ್ಗೆ ಅನುಮಾನ ಬಂದರೆ ಪ್ರಶ್ನೆ ಚಿಹ್ನೆ ಎಣಿಸಿ. ಆರಿದ್ರ ನಮ್ಮ ಕಣ್ಣಿಗೆ ಮೂರಕ್ಷರ, ಕಂಪ್ಯೂಟರಿಗೆ ಆರು. ಗುಣಿತದ ಗುರುತು, ಒತ್ತಿಗೆ ಮುಂಚಿನ ಹಲಂತ ಎಲ್ಲವನ್ನೂ ಅದು ಬೇರೆಬೇರೆ ಎಣಿಸುತ್ತದೆ. ಪುನರ್ವಸುವಿಗೆ ಎಂಟು, ಪುಷ್ಯಕ್ಕೆ ಐದು. ಷರಾದಲ್ಲಿ ಬರೆದದ್ದು ಮಾತ್ರ ಡೈರಿ ನೋಡಿಯೇ ತುಂಬಬೇಕು. ಮಾವನವರು ಈಗಲೂ ಕಾಗದದಲ್ಲಿ ಬರೆಯುತ್ತಾರೆ ಎಂದಿರಿ. ಅವರು ನಿಲ್ಲಿಸುವುದು ಬೇಡ.

ಅವರ ಹಳೆಯ ನುಡಿ ಫೈಲುಗಳನ್ನೂ ಸೇರಿಸಬೇಕು ಅಂತ ಬರೆದಿದ್ದೀರಿ. ಯುನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದಾದರೆ ನೇರ ಅಂಟಿಸಿದಾಗ ಇಂಗ್ಲಿಷ್ ಅಕ್ಷರಗಳ ಗೋಜಲು ಬರುತ್ತದೆ. ಮೊದಲು ಯುನಿಕೋಡ್‌ಗೆ ಪರಿವರ್ತಿಸಿ, ಒಂದು ಪುಟ ಓದಿ ನೋಡಿ, ಆಮೇಲೆ ಸೇರಿಸಿ. ಅರ್ಕಾವೊತ್ತು ಇರುವ ಪದಗಳ ಮೇಲೆ ವಿಶೇಷ ಕಣ್ಣಿಡಿ.

ಇನ್ನು ಈ ಮಳೆಗಾಲ ಮುಗಿಯುವವರೆಗೆ ಎರಡು ಅಭ್ಯಾಸ ಇಟ್ಟುಕೊಳ್ಳಿ. ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆದು ತುಂಬಿದ ಮೇಲೆ ಮೈಎಸ್‌ಕ್ಯುಎಲ್ ಸ್ಟಾಪ್ ಒತ್ತಿಯೇ ಲ್ಯಾಪ್‌ಟಾಪ್ ಮುಚ್ಚಿ. ದಿನಕ್ಕೆ ಐದು ನಿಮಿಷದ ಕೆಲಸಕ್ಕೆ ಅದು ಇಡೀ ದಿನ ಓಡುತ್ತಿರಬೇಕಿಲ್ಲ. ಭಾನುವಾರ ಒಂದು ಎಕ್ಸ್‌ಪೋರ್ಟ್ ಪೆನ್‌ಡ್ರೈವಿಗೆ, ಹೆಸರಿನಲ್ಲಿ ತಾರೀಖು ಹಾಕಿ, ಹಳೆಯದರ ಮೇಲೆ ಬರೆಯದೆ. ಡೇಟಾ ಫೋಲ್ಡರ್ ಕಾಪಿಗಿಂತ ಈ ಎಕ್ಸ್‌ಪೋರ್ಟ್ ಫೈಲ್ ಮೇಲು, ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದರೂ ನಿಮ್ಮ ಮಳೆ ಓದಲು ಬರುತ್ತದೆ. ಆ ಲ್ಯಾಪ್‌ಟಾಪ್ ಬ್ಯಾಟರಿಯನ್ನೂ ಬದಲಿಸಿಬಿಡಿ.

ಇವತ್ತು ಇಷ್ಟು ಮಾಡಿ: ಪೆನ್‌ಡ್ರೈವ್ ಕಾಪಿ, ಆಮೇಲೆ ಲಾಗ್‌ನ ಕೊನೆಯ ಮೂವತ್ತು ಸಾಲು ಇಲ್ಲಿ ಹಾಕಿ. ಫೋಟೋ ಆದರೂ ಸರಿ, ಅಲುಗದಂತೆ ತೆಗೆಯಿರಿ. ಸಂಜೆ ಹಾಲು ಕರೆದು ಬಂದ ಮೇಲೆ ಕೂತು ನೋಡುತ್ತೇನೆ.